ವಿಹಾರದ ಬೇಟೆ: ನದಿ ಸೀಗಡಿ, ಗೆಳೆತನ ಮತ್ತು ಹಿಂಸೆಯ ಪಾಲು

ಭಾರತೀಯ ಧರ್ಮಚಿಂತನೆಯಲ್ಲಿ ಹಿಂಸೆಯ ಪ್ರಶ್ನೆ ಹೆಚ್ಚಾಗಿ ಯಜ್ಞ, ಆಹಾರ ಮತ್ತು ಯುದ್ಧ ಎಂಬ ಮೂರು ಸಂದರ್ಭಗಳನ್ನು ಹಿಡಿದು ಬೆಳೆದಿದ್ದು, ವಿನೋದಕ್ಕಾಗಿ ನಡೆಯುವ ಹಿಂಸೆಗೆ ಅಲ್ಲಿ ಸಿಕ್ಕಿರುವ ಜಾಗ ಕಡಿಮೆ. ಸಿಕ್ಕಲ್ಲಿಯೂ ಅದು ಬಹುಮಟ್ಟಿಗೆ ಅರಸರ ಬೇಟೆಯ ಚರ್ಚೆಯಾಗಿಯೇ ಉಳಿದಿದೆ. ಇಂದಿನ ಗೃಹಸ್ಥನ ಸ್ಥಿತಿ ಬೇರೆ. ಅವನು ಯಜ್ಞದಲ್ಲಿ ಪಶುವನ್ನು ಕೊಲ್ಲುವುದಿಲ್ಲ, ಯುದ್ಧಕ್ಕೆ ಹೋಗುವುದಿಲ್ಲ, ತಿನ್ನುವ ಮಾಂಸವೂ ಅಂಗಡಿಯಲ್ಲಿ ಕತ್ತರಿಸಿ ತೂಗಿದ ರೂಪದಲ್ಲಿಯೇ ಅವನ ಕೈ ಸೇರುತ್ತದೆ. ಇಂಥವನು ತನ್ನ ಕೈಯಾರೆ ಜೀವವೊಂದನ್ನು ತೆಗೆಯುವ ಸಂದರ್ಭ ಉಳಿದಿರುವುದು ವಿಹಾರದಲ್ಲಿ ಮಾತ್ರ ಎನ್ನಬಹುದಾದರೆ, ರಜೆಯ ದಿನ ನಾಲ್ಕಾರು ಗೆಳೆಯರು ಕೂಡಿ ಹೊಳೆಗೆ ಹೋಗಿ ಸೀಗಡಿ ಹಿಡಿದು, ದಡದಲ್ಲಿಯೇ ಬೇಯಿಸಿ ಉಂಡು ಬರುವ ಕರಾವಳಿಯ ರೂಢಿ ಆ ಪ್ರಶ್ನೆಯನ್ನು ಅದರ ಅತ್ಯಂತ ಸರಳ ರೂಪದಲ್ಲಿ ಮುಂದಿಡುತ್ತದೆ. ಅಲ್ಲಿ ಹಸಿವಿನ ಒತ್ತಾಯವಿಲ್ಲ, ಕಸುಬಿನ ಅನಿವಾರ್ಯವಿಲ್ಲ, ದ್ವೇಷವಂತೂ ಇಲ್ಲವೇ ಇಲ್ಲ. ಇರುವುದು ಸಂತೋಷ, ಅದೂ ಹಂಚಿಕೊಂಡ ಸಂತೋಷ. ಹೀಗೆ ಹಂಚಿಕೊಂಡ ಕಾರಣಕ್ಕೆ ಕೊಲ್ಲುವಿಕೆಯ ಭಾರವೂ ಹಂಚಿಹೋಗುತ್ತದೆಯೇ ಎಂಬುದು ಇಲ್ಲಿ ಪರಿಶೀಲಿಸಬೇಕಾದ ಪ್ರಶ್ನೆ.

ಪ್ರಶ್ನೆಯನ್ನು ತೂಗುವ ಮೊದಲು ಆ ಜೀವಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮ್ಯಾಕ್ರೋಬ್ರಾಕಿಯಮ್ ಎಂಬ ಕುಲಕ್ಕೆ ಸೇರಿದ ನದಿ ಸೀಗಡಿಗಳಲ್ಲಿ ಎಲ್ಲಕ್ಕಿಂತ ದೊಡ್ಡದಾದ ಮ್ಯಾಕ್ರೋಬ್ರಾಕಿಯಮ್ ರೋಸೆನ್‌ಬರ್ಗಿಯ ಗಂಡು 30 ಸೆಂಟಿಮೀಟರ್ ಉದ್ದ ಬೆಳೆಯುವುದುಂಟು. ಅದರ ಎರಡನೆಯ ಜೊತೆ ಕಾಲುಗಳು ನೀಲಿ ಬಣ್ಣದ ನೀಳ ಚಿಮಟಗಳಾಗಿ ಮೈಯಷ್ಟೇ ಉದ್ದ, ಕೆಲವೊಮ್ಮೆ ಮೈಯನ್ನೂ ಮೀರಿ ಚಾಚಿಕೊಂಡಿರುತ್ತವೆ. ಹಗಲಲ್ಲಿ ಕಲ್ಲಿನ ಸಂದಿನಲ್ಲೋ ಮುಳುಗಿದ ಮರದ ಬೇರಿನಲ್ಲೋ ಅಡಗಿದ್ದು ಕತ್ತಲಾದ ಮೇಲೆ ಹೊರಬರುವ ಈ ಜೀವಿಯ ಕಣ್ಣು ಟಾರ್ಚಿನ ಬೆಳಕು ಬಿದ್ದರೆ ಕೆಂಡದಂತೆ ಹೊಳೆಯುವುದರಿಂದ, ಅದನ್ನು ಬಲ್ಲವರು ಸಂಜೆಯ ಹೊತ್ತನ್ನೇ ಆರಿಸಿಕೊಳ್ಳುತ್ತಾರೆ. ಗಾಳಕ್ಕೆ ಚುಚ್ಚಿದ ಎರೆಹುಳುವನ್ನು ಸೀಗಡಿ ಮೀನಿನಂತೆ ಒಮ್ಮೆಲೇ ನುಂಗುವುದಿಲ್ಲ. ಚಿಮಟದಲ್ಲಿ ಹಿಡಿದು, ತುಸು ದೂರ ಒಯ್ದು, ಬಾಯಿಯ ಬಳಿಗೆ ತಂದು ಚೂರುಚೂರಾಗಿ ತಿನ್ನುತ್ತದೆ. ದಾರ ಪಕ್ಕಕ್ಕೆ ಮೆಲ್ಲನೆ ಸರಿಯುವುದನ್ನು ಕಂಡೂ ಕೈ ತಡೆದು ಕಾಯಬೇಕು, ಅವಸರದಿಂದ ಎಳೆದರೆ ಅದು ಹುಳುವನ್ನು ಬಿಟ್ಟು ಹಿಮ್ಮುಖವಾಗಿ ಚಿಮ್ಮಿ ಹೋಗುತ್ತದೆ. ನದಿ ಸೀಗಡಿಯ ಬೇಟೆ ಮಾತುಕತೆಗೆ, ಅಂದರೆ ಗೆಳೆತನಕ್ಕೆ, ಇಷ್ಟು ಒಗ್ಗಿಕೊಂಡಿರುವುದು ಈ ಕಾಯುವಿಕೆಯಿಂದಲೇ. ಬಕೆಟ್ಟಿಗೆ ಬಿದ್ದ ಸೀಗಡಿ ಬಾಲವನ್ನು ಹೊಟ್ಟೆಯ ಅಡಿಗೆ ಮಡಚಿ ಫಟ್ಟನೆ ಬಿಚ್ಚುತ್ತ ಗೋಡೆಗೆ ಬಡಿಯುತ್ತದೆ. ಆಮೇಲೆ ಮೂಲೆಗೆ ಸರಿದು, ನೀಳವಾದ ಮೀಸೆಗಳನ್ನು ಒಂದೊಂದಾಗಿ ಮುಂಗಾಲಿನ ನಡುವೆ ಎಳೆದು ಒರೆಸಿಕೊಳ್ಳತೊಡಗುತ್ತದೆ.

ಇಂಥ ಒಂದು ದಿನದ ನೈತಿಕ ಸ್ವರೂಪವನ್ನು ಬಿಡಿಸಿ ನೋಡಲು ಜೈನ ಶಾಸ್ತ್ರದಷ್ಟು ಸೂಕ್ಷ್ಮವಾದ ಉಪಕರಣ ಬೇರೆ ಯಾವ ದರ್ಶನದಲ್ಲಿಯೂ ಸಿಗುವುದಿಲ್ಲ. ಗೃಹಸ್ಥನ ಹಿಂಸೆಯನ್ನು ಜೈನ ಆಚಾರ್ಯರು ನಾಲ್ಕಾಗಿ ವಿಂಗಡಿಸುತ್ತಾರೆ: ಅಡುಗೆ, ಗುಡಿಸುವುದು ಮೊದಲಾದ ಮನೆವಾರ್ತೆಯಲ್ಲಿ ಆಗುವುದು ಆರಂಭೀ ಹಿಂಸೆ, ಬೇಸಾಯದಂಥ ವೃತ್ತಿಯಲ್ಲಿ ಆಗುವುದು ಉದ್ಯೋಗೀ ಹಿಂಸೆ, ಆತ್ಮರಕ್ಷಣೆಯಲ್ಲಿ ಆಗುವುದು ವಿರೋಧೀ ಹಿಂಸೆ, ಕೊಲ್ಲಬೇಕೆಂಬ ಉದ್ದೇಶದಿಂದಲೇ ಮಾಡುವುದು ಸಂಕಲ್ಪೀ ಹಿಂಸೆ. ಮೊದಲ ಮೂರನ್ನು ಸಾಧ್ಯವಾದಷ್ಟು ಕಡಿಮೆ ಮಾಡಬೇಕು, ನಾಲ್ಕನೆಯದನ್ನು ಶ್ರಾವಕನು, ಅಂದರೆ ಜೈನ ಗೃಹಸ್ಥನು, ಪೂರ್ತಿಯಾಗಿ ಬಿಡಬೇಕು ಎಂಬುದು ವಿಧಿ. ಗಾಳ ಹಾಕುವುದು ಈ ನಾಲ್ಕನೆಯ ಬಗೆಗೆ ಸೇರುತ್ತದೆ ಎಂಬುದರಲ್ಲಿ ಚರ್ಚೆಗೆ ಎಡೆಯಿಲ್ಲ.

ಚರ್ಚೆಗೆ ಎಡೆಯಿರುವುದು ಆ ಸಂಕಲ್ಪ ಯಾರದು ಎಂಬಲ್ಲಿ. ಉಮಾಸ್ವಾಮಿಯ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಕರ್ಮವು ಆತ್ಮಕ್ಕೆ ಹರಿದುಬರುವ ದಾರಿಗಳನ್ನು, ಅಂದರೆ ಆಸ್ರವವನ್ನು, ಎಣಿಸುವಾಗ ಒಂದು ಲೆಕ್ಕ ಬರುತ್ತದೆ. ಒಂದು ಕೃತ್ಯಕ್ಕೆ ಮೂರು ಹಂತಗಳುಂಟು: ಮಾಡಬೇಕೆಂದು ನಿಶ್ಚಯಿಸುವುದು ಸಂರಂಭ, ಅದಕ್ಕೆ ಬೇಕಾದ ಸಾಧನಗಳನ್ನು ಹೊಂದಿಸುವುದು ಸಮಾರಂಭ, ಕೈಹಾಕುವುದು ಆರಂಭ. ಪ್ರತಿಯೊಂದು ಹಂತವೂ ಮನಸ್ಸು, ಮಾತು, ದೇಹ ಎಂಬ ಮೂರರಿಂದ ನಡೆಯಬಹುದು. ಪ್ರತಿಯೊಂದನ್ನೂ ತಾನೇ ಮಾಡಬಹುದು, ಇನ್ನೊಬ್ಬರಿಂದ ಮಾಡಿಸಬಹುದು, ಮಾಡಿದ್ದಕ್ಕೆ ಒಪ್ಪಿಗೆ ಸೂಚಿಸಬಹುದು, ಇವುಗಳಿಗೆ ಕ್ರಮವಾಗಿ ಕೃತ, ಕಾರಿತ, ಅನುಮತ ಎಂದು ಹೆಸರು. ಇವೆಲ್ಲದರ ಹಿಂದೆ ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳಲ್ಲಿ, ಅಂದರೆ ಆತ್ಮವನ್ನು ಕಲುಷಿತಗೊಳಿಸುವ ಭಾವಗಳಲ್ಲಿ, ಒಂದು ಇರುತ್ತದೆ. ಗುಣಿಸಿದರೆ 108.

ಈ ಲೆಕ್ಕ ಶುಷ್ಕವೆಂದು ತೋರಬಹುದಾದರೂ ಹೊಳೆಯ ದಡಕ್ಕೆ ತಂದು ಹಿಡಿದರೆ ಅದರ ಹರಿತ ತಿಳಿಯುತ್ತದೆ. ವಾರದ ನಡುವೆ ಫೋನಿನಲ್ಲಿ ಭಾನುವಾರದ ಮಾತು ಎತ್ತಿದವನದು ಸಂರಂಭ, ತೆಂಗಿನ ಬುಡದ ತೇವದ ಮಣ್ಣು ಕೆದಕಿ ಎರೆಹುಳು ಕೂಡಿಟ್ಟವನದು ಸಮಾರಂಭ, ದಾರ ಇಳಿಬಿಟ್ಟವನದು ಆರಂಭ. ಬೀಸುಬಲೆ ಎಸೆಯಲು ಬಾರದೆ ಬಲ್ಲವನಿಗೆ ಜಾಗ ತೋರಿಸಿದವನದು ಕಾರಿತ, ಏನನ್ನೂ ಮಾಡದೆ ಬಂಡೆಯ ಮೇಲೆ ಕುಳಿತು ಪ್ರತಿ ಸೀಗಡಿಗೂ ಕೇಕೆ ಹಾಕಿದವನದು ಅನುಮತ. ಕಷಾಯಗಳನ್ನು ಹುಡುಕಲು ಕೂಡ ಕಷ್ಟಪಡಬೇಕಾಗಿಲ್ಲ: ದೊಡ್ಡದನ್ನು ಎತ್ತಿ ಹಿಡಿದು ಫೋಟೊ ತೆಗೆಸಿಕೊಳ್ಳುವಲ್ಲಿ ಮಾನ, ಸಾಕೆನಿಸಿದ ಮೇಲೂ ಇನ್ನೊಂದಕ್ಕೆ ದಾರ ಬಿಡುವಲ್ಲಿ ಲೋಭ, ಚಿಮಟ ಬೆರಳು ಕಚ್ಚಿದಾಗ ಕ್ರೋಧ, ಇನ್ನು ಎರೆಯೆಂಬುದೇ ಮಾಯೆ. ಈ ವಿಶ್ಲೇಷಣೆಯ ಮುಖ್ಯ ಫಲವೆಂದರೆ, ಕರ್ಮವು ಆಸ್ತಿಯಂತೆ ಪಾಲಾಗುವ ವಸ್ತುವಲ್ಲ ಎಂಬುದು. ಐವರು ಸೇರಿ ಒಂದು ಸೀಗಡಿಯನ್ನು ಕೊಂದರೆ ಐದನೆಯ ಒಂದು ಭಾಗದಷ್ಟು ಹಿಂಸೆ ಒಬ್ಬೊಬ್ಬನಿಗೆ ಸಲ್ಲುವುದಿಲ್ಲ, ಭಾವದ ತೀವ್ರತೆಗೆ ತಕ್ಕಂತೆ ಅವರವರ ಬಂಧ ಅವರವರಿಗೆ ಪೂರ್ತಿಯಾಗಿಯೇ ಆಗುತ್ತದೆ. ಗೆಳೆತನ ಭಾರವನ್ನು ಹಂಚುವುದಿಲ್ಲ, ಹೊರುವವರ ಸಂಖ್ಯೆಯನ್ನು ಹೆಚ್ಚಿಸುತ್ತದೆ.

ಕನ್ನಡ ಓದುಗರಿಗೆ ಈ ತತ್ತ್ವ ಕಾವ್ಯದ ಮೂಲಕ ಮೊದಲೇ ಪರಿಚಿತವಾದದ್ದು. 1209ರಲ್ಲಿ ಜನ್ನ ಬರೆದ ಯಶೋಧರ ಚರಿತೆಯಲ್ಲಿ ಅರಸನು ಕೊಲ್ಲುವುದು ನಿಜವಾದ ಕೋಳಿಯನ್ನಲ್ಲ, ಹಿಟ್ಟಿನಿಂದ ಮಾಡಿದ ಕೋಳಿಯನ್ನು. ಅದೂ ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು. ಆದರೂ ಇಬ್ಬರೂ ಪಶುಪಕ್ಷಿಗಳ ಜನ್ಮಗಳಲ್ಲಿ ತೊಳಲುತ್ತಾರೆ, ಒಂದು ಜನ್ಮದಲ್ಲಿ ಅವನು ನದಿಯ ಮೀನಾಗಿಯೂ ಅವಳು ಅದೇ ನದಿಯ ಮೊಸಳೆಯಾಗಿಯೂ ಹುಟ್ಟುತ್ತಾರೆ. ವಿಮರ್ಶಕರು ಈ ಕಥೆಯಲ್ಲಿ ಸಂಕಲ್ಪ ಹಿಂಸೆಯ ಪ್ರತಿಪಾದನೆಯನ್ನು ಗುರುತಿಸಿರುವುದು ಸರಿಯೇ; ಅದರ ಜೊತೆಗೆ, ಕತ್ತಿ ಬೀಸಿದ ಮಗನಿಗೂ ಬೀಸು ಎಂದ ತಾಯಿಗೂ ಕವಿ ಸರಿಸಮನಾದ ಅಲೆದಾಟವನ್ನು ಕೊಟ್ಟಿರುವುದು, ಅಂದರೆ ಕೃತ ಮತ್ತು ಕಾರಿತಗಳ ನಡುವೆ ಅಂತರವಿಡದಿರುವುದು, ಇನ್ನೂ ಹೆಚ್ಚಿನ ಗಮನಕ್ಕೆ ಯೋಗ್ಯ. ಪರಸ್ಪರ ಪ್ರೀತಿಯುಳ್ಳ ಇಬ್ಬರು ಪ್ರೀತಿಯ ಕಾರಣದಿಂದಲೇ ಕೂಡಿ ತಪ್ಪು ಮಾಡುವ ಕಥೆ ಅದು.

ಇದಕ್ಕೆ ಎದುರಾಗಿ ಮಹಾಭಾರತದ ಅರಣ್ಯಪರ್ವದ ಧರ್ಮವ್ಯಾಧನನ್ನು ನಿಲ್ಲಿಸುವುದು ವಾಡಿಕೆ. ಮಿಥಿಲೆಯಲ್ಲಿ ಮಾಂಸ ಮಾರುವ ಈ ವ್ಯಾಧ, ತನ್ನಲ್ಲಿಗೆ ಧರ್ಮ ಕೇಳಲು ಬಂದ ಕೌಶಿಕನೆಂಬ ಬ್ರಾಹ್ಮಣನಿಗೆ, ನೇಗಿಲು ನೆಲ ಸೀಳುವಾಗ ಸಾಯುವ ಜೀವಿಗಳನ್ನೂ ನಡೆಯುವ ಕಾಲಿನಡಿ ಸಾಯುವವುಗಳನ್ನೂ ನೆನಪಿಸಿ, ಸಂಪೂರ್ಣ ಅಹಿಂಸಕನೆಂಬುವನು ಲೋಕದಲ್ಲಿ ಇಲ್ಲವೆಂದು ವಾದಿಸುತ್ತಾನೆ. ಮೀನೂಟದ ಸಮರ್ಥನೆಗೆ ಈ ವಾದವನ್ನು ಎತ್ತಿಕೊಳ್ಳುವವರು ಅದೇ ಪ್ರಸಂಗದ ಇನ್ನೊಂದು ಮಾತನ್ನು ಮರೆಯುತ್ತಾರೆ. ಧರ್ಮವ್ಯಾಧನು ತಾನು ಪ್ರಾಣಿಗಳನ್ನು ಕೊಲ್ಲುವುದಿಲ್ಲ, ಬೇರೆಯವರು ಕೊಂದದ್ದನ್ನು ಮಾರುತ್ತೇನೆ, ತಾನು ಮಾಂಸ ತಿನ್ನುವುದೂ ಇಲ್ಲ ಎಂದು ಹೇಳಿಕೊಳ್ಳುತ್ತಾನೆ. ಅವನ ಸಮರ್ಥನೆ ನಿಂತಿರುವುದು ತಲೆಮಾರಿನಿಂದ ಬಂದ ಕುಲವೃತ್ತಿಯ ಮೇಲೆ. ವಿಹಾರಕ್ಕೆಂದು ಹೊಳೆಗೆ ಇಳಿದವನು ಈ ಆಸರೆಯನ್ನು ಪಡೆಯಲಾರ, ಏಕೆಂದರೆ ಬಿಡುವೇ ಅವನ ಕಾರ್ಯದ ಲಕ್ಷಣ, ಮತ್ತು ಬಿಡುವೆಂದರೆ ಬೇರೆ ಏನನ್ನಾದರೂ ಮಾಡಬಹುದಾಗಿದ್ದ ಹೊತ್ತು.

ಮೊಗವೀರರು, ಖಾರ್ವಿಗಳು, ಅಂಬಿಗರು ಮೊದಲಾದ ಮೀನುಗಾರ ಸಮುದಾಯಗಳ ಸ್ಥಾನ ಬೇರೆ ಎನ್ನಲು ಇದೇ ಕಾರಣ. ನೂಲ ಹುಣ್ಣಿಮೆಯಂದು ಸಮುದ್ರಕ್ಕೆ ಹಾಲು, ತೆಂಗಿನಕಾಯಿ ಅರ್ಪಿಸಿ ಪೂಜೆ ಸಲ್ಲಿಸುವ ಕರಾವಳಿಯ ಪದ್ಧತಿಯಲ್ಲಿ ನೀರು ಕೊಡುವ ತಾಯಿಯೂ ಹೌದು, ಕಿತ್ತುಕೊಳ್ಳಬಲ್ಲ ಶಕ್ತಿಯೂ ಹೌದು. ಕೊಳ್ಳುವವನು ತನ್ನ ಜೀವವನ್ನೂ ಅದೇ ನೀರಿಗೆ ಒಡ್ಡಿರುತ್ತಾನೆ. ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯಬಾರದೆಂಬ ಸರ್ಕಾರದ ನಿಷೇಧ ಅವರ ಅನ್ನವನ್ನೇ ತಟ್ಟುತ್ತದೆ. ದಿನದ ಮಟ್ಟಿಗೆ ಮೀನುಗಾರನಾಗುವವನಿಗೆ ಅಂಥ ಪಣವೇನೂ ಇಲ್ಲ. ಸೀಗಡಿ ಸಿಗದಿದ್ದರೆ ದಾರಿಯಲ್ಲಿ ಹೋಟೆಲ್ ಇದೆ.

ಬಿಡುವಿನ ಹಿಂಸೆಯನ್ನು ಹೊಟ್ಟೆಯ ಹಿಂಸೆಯಿಂದ ಬೇರೆಯಾಗಿ ಕಂಡ ಅತ್ಯಂತ ಹಳೆಯ ಸಾರ್ವಜನಿಕ ದಾಖಲೆ ಬಹುಶಃ ಅಶೋಕನದು. ಕರ್ನೂಲು ಜಿಲ್ಲೆಯ ಎರ್ರಗುಡಿಯೂ ಸೇರಿ ಹಲವೆಡೆ ದೊರೆತಿರುವ ಅವನ ಎಂಟನೆಯ ಬಂಡೆಗಲ್ಲು ಶಾಸನ, ಹಿಂದಿನ ರಾಜರು ಬೇಟೆ ಮೊದಲಾದ ವಿನೋದಗಳುಳ್ಳ ವಿಹಾರಯಾತ್ರೆಗೆ ಹೋಗುತ್ತಿದ್ದರೆಂದೂ, ತಾನು ಪಟ್ಟಾಭಿಷೇಕವಾಗಿ ಹತ್ತು ವರ್ಷಕ್ಕೆ ಬುದ್ಧನಿಗೆ ಬೋಧಿಯಾದ ಸ್ಥಳಕ್ಕೆ ಹೋಗಿ, ಅಲ್ಲಿಂದ ಧರ್ಮಯಾತ್ರೆಯನ್ನು ಆರಂಭಿಸಿದನೆಂದೂ ತಿಳಿಸುತ್ತದೆ. ಇದನ್ನು ಮೊದಲನೆಯ ಶಾಸನದ ಜೊತೆಗಿಟ್ಟು ಓದಬೇಕು. ಅಲ್ಲಿ ಅರಮನೆಯ ಅಡುಗೆಗೆ ಕೊಲ್ಲುವ ಪ್ರಾಣಿಗಳ ಸಂಖ್ಯೆ ಎರಡು ನವಿಲು, ಒಂದು ಜಿಂಕೆಗೆ ಇಳಿದಿದೆ, ಮುಂದೆ ಅದೂ ನಿಲ್ಲುವುದೆಂಬ ಮಾತಿದೆ. ಅಂದರೆ ಊಟಕ್ಕಾಗಿ ಕೊಲ್ಲುವುದನ್ನು ಇಳಿಸುತ್ತ ಬಂದ ದೊರೆ ವಿನೋದಕ್ಕಾಗಿ ಕೊಲ್ಲುವುದನ್ನು ಇಳಿಸಲಿಲ್ಲ, ಅದರ ಜಾಗಕ್ಕೆ ಬೇರೆಯದನ್ನೇ ತಂದ. ಯಾತ್ರೆ ಉಳಿಯಿತು, ಜೊತೆಗಾರರು ಉಳಿದರು, ಬೇಟೆ ಹೋಯಿತು. ಅವನ ತಾತನ ಕಾಲದವನೆಂದು ಪರಂಪರೆ ನಂಬುವ ಕೌಟಿಲ್ಯನ ನಿಲುವು ಇದಕ್ಕೆ ತೀರ ಬೇರೆ: ಅರ್ಥಶಾಸ್ತ್ರದ ಎಂಟನೆಯ ಅಧಿಕರಣದಲ್ಲಿ, ಜೂಜಿಗಿಂತ ಬೇಟೆ ಕೆಟ್ಟದ್ದೆಂಬ, ಪಿಶುನನೆಂಬ ಆಚಾರ್ಯನ ಮತವನ್ನು ತಳ್ಳಿಹಾಕಿ, ಬೇಟೆಯಿಂದ ದೇಹಕ್ಕೆ ವ್ಯಾಯಾಮ, ಗುರಿಯ ಅಭ್ಯಾಸ, ಪ್ರಾಣಿಗಳ ಮನಸ್ಸಿನ ಅರಿವು ದೊರೆಯುತ್ತವೆಂದು ಅವನು ವಾದಿಸುತ್ತಾನೆ. ಕೊನೆಯ ಲಾಭ ಸುಳ್ಳಲ್ಲ. ಸೀಗಡಿ ಯಾವ ನೀರಲ್ಲಿ, ಯಾವ ಹೊತ್ತಿಗೆ, ಯಾವ ಬೇರಿನ ಕೆಳಗೆ ಇರುತ್ತದೆಂಬುದನ್ನು ಹಿಡಿಯುವವನಷ್ಟು ಬಲ್ಲವರು ಕಡಿಮೆ. ಆ ಅರಿವು ಕೊಲ್ಲುವುದಕ್ಕೇ ಬಳಕೆಯಾಗುತ್ತದೆಂಬುದೂ ಅಷ್ಟೇ ನಿಜ.

ಗೆಳೆತನದ ಪರವಾಗಿ ಹೇಳಬಹುದಾದ ಅತ್ಯುತ್ತಮ ಮಾತನ್ನು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಹೇಳಿದ್ದಾನೆ. ನಿಕೊಮಾಕಿಯನ್ ನೀತಿಶಾಸ್ತ್ರದ ಒಂಬತ್ತನೆಯ ಸಂಪುಟದ ಕೊನೆಯಲ್ಲಿ ಅವನು, ಗೆಳೆಯರಿಗೆ ಕೂಡಿ ಬಾಳುವುದಕ್ಕಿಂತ ಪ್ರಿಯವಾದದ್ದಿಲ್ಲವೆಂದೂ, ತಮ್ಮ ಬದುಕಿಗೆ ಅರ್ಥ ಕೊಡುವುದು ಯಾವುದೋ ಅದನ್ನೇ ಅವರು ಜೊತೆಯಾಗಿ ಮಾಡುತ್ತಾರೆಂದೂ ಹೇಳಿ, ಕುಡಿತ, ಜೂಜು, ವ್ಯಾಯಾಮ, ಬೇಟೆ, ತತ್ತ್ವಚಿಂತನೆ ಇವನ್ನು ಒಂದೇ ಸಾಲಿನಲ್ಲಿ ಉದಾಹರಿಸುತ್ತಾನೆ. ಬೇಟೆ ಇಲ್ಲಿ ಸಹಬಾಳ್ವೆಯ ಒಂದು ಬಗೆ. ಆದರೆ ಅದೇ ಜಾಗದಲ್ಲಿ ಅವನು, ಕೂಡಿ ಮಾಡುವ ಕೆಲಸ ಹೇಗೋ ಗೆಳೆಯರು ಹಾಗೆಯೇ ಆಗುತ್ತಾರೆ, ಕೆಟ್ಟದ್ದರಲ್ಲಿ ಜೊತೆಯಾದವರು ಒಬ್ಬರನ್ನೊಬ್ಬರು ಹೋಲುತ್ತ ಕೆಡುತ್ತಾರೆ ಎನ್ನುವುದನ್ನೂ ಸೇರಿಸುವುದರಿಂದ, ಗೆಳೆತನವು ಕೃತ್ಯವನ್ನು ಶುದ್ಧಗೊಳಿಸುತ್ತದೆಂದು ಅವನಿಂದಲೂ ಹೇಳಿಸಲು ಬರುವುದಿಲ್ಲ. ಜೈನ ಲೆಕ್ಕಾಚಾರ ಒಬ್ಬೊಬ್ಬನ ಆತ್ಮವನ್ನು ಬೇರೆಬೇರೆಯಾಗಿ ತೂಗಿದರೆ ಅರಿಸ್ಟಾಟಲ್ ಸ್ನೇಹವನ್ನೇ ತಕ್ಕಡಿಗೆ ಹಾಕುತ್ತಾನೆ. ಹೊಳೆಯ ದಡದ ಒಂದು ಸಂಜೆಯನ್ನು ಅರಿಯಲು ಎರಡೂ ಬೇಕು. ಏಕೆಂದರೆ ಆ ಸಂಜೆಯಲ್ಲಿ ನಿಜವಾದ ಒಳಿತೊಂದು ಇದೆ. ವರ್ಷದಲ್ಲಿ ಒಮ್ಮೆ ಊರಿಗೆ ಬಂದವನು, ಊರಲ್ಲೇ ಉಳಿದವನು, ಸಾಲದಲ್ಲಿ ಮುಳುಗಿದವನು, ಹೊಸದಾಗಿ ಮದುವೆಯಾದವನು ಒಂದೇ ದಾರದತ್ತ ನೋಡುತ್ತ ಗಂಟೆಗಟ್ಟಲೆ ಕುಳಿತಾಗ ಎದುರುಬದುರು ಕೂತರೆ ಬಾರದ ಮಾತುಗಳು ಬರುತ್ತವೆ. ಆ ಒಳಿತಿಗೆ ಸೀಗಡಿಯ ಸಾವು ಅವಶ್ಯವೇ ಎಂಬುದು ಮಾತ್ರ ಬೇರೆಯೇ ಪ್ರಶ್ನೆ, ಮತ್ತು ಅದಕ್ಕೆ ಅಶೋಕನ ಯಾತ್ರೆ ಉತ್ತರ ಕೊಟ್ಟಾಗಿದೆ.

ಹಾಗಾದರೆ ಹಿಡಿದು ಬಿಟ್ಟುಬಿಟ್ಟರೆ ಸಾಲದೆ ಎಂದು ಕೇಳಬಹುದು. ಕಾವೇರಿಯ ಭೀಮೇಶ್ವರಿಯಂಥ ಕಡೆ ಮಹಶೀರ್ ಮೀನಿಗೆ ಗಾಳ ಹಾಕುತ್ತಿದ್ದ ಹವ್ಯಾಸಿಗಳು ಮೀನನ್ನು ಹಿಡಿದು, ತೂಗಿ, ಮತ್ತೆ ನೀರಿಗೆ ಬಿಡುವ ನಿಯಮವನ್ನು ಪಾಲಿಸುತ್ತಿದ್ದರು. ಜೀವ ಉಳಿಯುವುದರಿಂದ ಇದು ಹೆಚ್ಚು ನೀತಿಯುತವೆಂಬುದು ಅವರ ನಂಬಿಕೆ. ಸಂಕಲ್ಪವನ್ನು ಅಳತೆಗೋಲಾಗಿ ಹಿಡಿದರೆ ಈ ತೀರ್ಮಾನ ಅಲ್ಲಾಡುತ್ತದೆ, ಏಕೆಂದರೆ ತಿನ್ನುವವನಿಗೆ ಕನಿಷ್ಠ ಅನ್ನದ ನೆಪವಿದೆ, ಬಿಡುವವನಿಗೆ ಆ ಜೀವಿಯ ಒದ್ದಾಟವೇ ಪೂರ್ತಿ ಪ್ರಯೋಜನ. ಇಲ್ಲಿ ಪ್ರಾಣಹಾನಿಯ ಲೆಕ್ಕವೂ ಭಾವದ ಲೆಕ್ಕವೂ ಬೇರೆಬೇರೆ ಉತ್ತರ ಕೊಡುತ್ತವೆ, ಎರಡನ್ನೂ ಹೊಂದಿಸುವ ಸೂತ್ರವಿಲ್ಲ.

ಭಾವವನ್ನೇ ಅಳೆಯುವ ನೀತಿಗೆ ಒಂದು ಮಿತಿಯೂ ಇದೆ: ಅದು ಕೊಲ್ಲುವವನ ಆತ್ಮದ ಬಗ್ಗೆ ಹೇಳುವಷ್ಟನ್ನು ಸಾಯುವ ಜೀವಿಯ ನೋವಿನ ಬಗ್ಗೆ ಹೇಳುವುದಿಲ್ಲ. ಜೈನರು ಜೀವಿಗಳನ್ನು ಇಂದ್ರಿಯಗಳ ಸಂಖ್ಯೆಯಿಂದ ವರ್ಗೀಕರಿಸಿ, ಹುಳುವಿಗೆ ಎರಡು, ಇರುವೆಗೆ ಮೂರು, ದುಂಬಿಗೆ ನಾಲ್ಕು, ಮನುಷ್ಯನಿಗೆ ಐದು ಎಂದು ಹೇಳಿದ್ದರಿಂದ, ಸ್ಪರ್ಶ, ರುಚಿ, ವಾಸನೆಗಳ ಜೊತೆಗೆ ಕಡ್ಡಿಯ ತುದಿಯ ಕಣ್ಣುಗಳೂ ಇರುವ ಸೀಗಡಿಯನ್ನು ಆ ಮಾನದಂಡದಿಂದ ನಾಲ್ಕಕ್ಕಿಂತ ಕೆಳಗೆ ಇಡಲಾಗದು. ಲೋಕರೂಢಿಯ ಕರುಣೆ ಅಷ್ಟು ಕೆಳಗೆ ಇಳಿದಿಲ್ಲ. ಶೃಂಗೇರಿಯ ತುಂಗೆಯಲ್ಲಿಯೂ ಶಿಶಿಲದ ಕಪಿಲೆಯಲ್ಲಿಯೂ ದೇವರ ಮೀನುಗಳಿಗೆ ಭಕ್ತರು ಮಂಡಕ್ಕಿ ಎರಚುತ್ತಾರೆ. ಅದೇ ನೀರಿನ ತಳದ ಕಲ್ಲಿನಡಿ ಇರುವ ಸೀಗಡಿಯ ಹೆಸರನ್ನು ಯಾರೂ ಎತ್ತುವುದಿಲ್ಲ. ಮೇಲೆ ಬಂದು ಬಾಯಿ ತೆರೆಯುವ ಜೀವಿಗೆ ದೊರೆಯುವ ಪುಣ್ಯ ಅದು ಎನ್ನಬೇಕಷ್ಟೆ.

ಸೀಗಡಿಗೆ ನೋವಾಗುತ್ತದೆಯೇ ಎಂಬ ಪ್ರಶ್ನೆಯನ್ನು ವಿಜ್ಞಾನಿಗಳೂ ಎತ್ತಿಕೊಂಡಿದ್ದಾರೆ. ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದ ರಾಬರ್ಟ್ ಎಲ್‌ವುಡ್ ಮತ್ತು ಸಂಗಡಿಗರು ಸೀಗಡಿಯ ಒಂದು ಮೀಸೆಗೆ ಅಸಿಟಿಕ್ ಆಮ್ಲ ಸವರಿದಾಗ ಅದು ನಿರ್ದಿಷ್ಟವಾಗಿ ಅದೇ ಮೀಸೆಯನ್ನು ಮತ್ತೆ ಮತ್ತೆ ಒರೆಸಿಕೊಂಡು ಗೋಡೆಗೆ ಉಜ್ಜಿತೆಂದೂ, ಮೊದಲೇ ಅರಿವಳಿಕೆ ಹಚ್ಚಿದ್ದರೆ ಆ ವರ್ತನೆ ಕಡಿಮೆಯಾಯಿತೆಂದೂ ವರದಿ ಮಾಡಿದರು. ಅಂಥ ವರ್ತನೆ ತಮ್ಮ ಪ್ರಯೋಗದಲ್ಲಿ ಕಾಣಲಿಲ್ಲವೆಂದು ಬೇರೆ ಜಾತಿಯ ಸೀಗಡಿಗಳನ್ನು ಪರೀಕ್ಷಿಸಿದ ಇನ್ನಿತರರು ಆಕ್ಷೇಪಿಸಿದರು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ದಾರ್ಶನಿಕ ಜೊನಾಥನ್ ಬರ್ಚ್ ನೇತೃತ್ವದ ತಂಡ 2021ರಲ್ಲಿ ಮುನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ, ಏಡಿಗಳ ವಿಷಯದಲ್ಲಿ ಸಂವೇದನೆಯ ಸಾಕ್ಷ್ಯ ಬಲವಾಗಿಯೂ ಉಳಿದವುಗಳಲ್ಲಿ ಕಡಿಮೆಯಾಗಿಯೂ ಇದೆ, ಆದರೆ ಕಡಿಮೆಯಿರಲು ಅಧ್ಯಯನವೇ ನಡೆಯದಿರುವುದೂ ಕಾರಣ ಎಂದು ಅಭಿಪ್ರಾಯಪಟ್ಟಿತು. ಜೀವಂತವಾಗಿ ಕುದಿಸುವುದು, ಜೀವಂತವಾಗಿ ಅಂಗ ಕೀಳುವುದು ಸಲ್ಲದೆಂದಿತು. 2022ರ ಬ್ರಿಟಿಷ್ ಕಾಯ್ದೆ ಹತ್ತು ಕಾಲಿನ ಈ ಜೀವಿಗಳನ್ನು ಸಂವೇದನೆಯುಳ್ಳವೆಂದು ಅಂಗೀಕರಿಸಿತು. ಸಂದೇಹದ ಲಾಭ ಯಾರಿಗೆ ಸಲ್ಲಬೇಕೆಂಬ ಪ್ರಶ್ನೆಯಲ್ಲಿ ಈ ತೀರ್ಮಾನ, ಕಾಣದ ಜೀವಕ್ಕೂ ಎಚ್ಚರವಿರಬೇಕೆಂಬ ಜೈನರ ಯತ್ನಾಚಾರಕ್ಕೆ ಸಮೀಪ ಬರುತ್ತದೆ.

ಕೊನೆಯದಾಗಿ ವ್ಯಕ್ತಿಯಾಚೆಗಿನ ಹಾನಿ. ಹೆಣ್ಣು ನದಿ ಸೀಗಡಿ ಹೊಟ್ಟೆಯಡಿಯ ಈಜುಕಾಲುಗಳ ನಡುವೆ ಕಿತ್ತಳೆ ಬಣ್ಣದ ಮೊಟ್ಟೆಗಳನ್ನು ಹೊತ್ತು ಸುಮಾರು ಮೂರು ವಾರ ಗಾಳಿಯಾಡಿಸುತ್ತ, ಅವು ಬೂದು ಬಣ್ಣಕ್ಕೆ ತಿರುಗುವ ಹೊತ್ತಿಗೆ ಉಪ್ಪು ಬೆರೆತ ಅಳಿವೆಗೆ ಇಳಿಯುತ್ತದೆ. ಮರಿಗಳು ಆ ನೀರಿನಲ್ಲಿ 11 ಹಂತ ದಾಟಿ, ಆಮೇಲೆ ಹೊಳೆಯ ಮೇಲ್ಮುಖಕ್ಕೆ ಹತ್ತುತ್ತವೆ. ನದಿಗೆ ಅಡ್ಡ ಕಟ್ಟಿದ ಕಿಂಡಿ ಅಣೆಕಟ್ಟುಗಳು ಈ ದಾರಿಯನ್ನು ಕಡಿಯುತ್ತಿರುವಾಗ ಮೊಟ್ಟೆ ಹೊತ್ತದ್ದನ್ನು ಬುಟ್ಟಿಗೆ ಹಾಕುವುದು ಹಸಿವಿನಿಂದಲೂ ಸಮರ್ಥನೆಯಾಗದ ಕೆಲಸ. ನೀರಿಗೆ ವಿಷ ಬೆರೆಸುವುದಂತೂ ಬೇಟೆಯೆಂಬ ಹೆಸರಿಗೂ ಅನರ್ಹ: ಪ್ಲೇಟೊ ತನ್ನ ಕೊನೆಯ ಕೃತಿ ನಿಯಮಗಳಲ್ಲಿ ಪವಿತ್ರ ನದಿಗಳನ್ನೂ ಕೊಳಗಳನ್ನೂ ಬಿಟ್ಟು ಉಳಿದೆಡೆ ಮೀನು ಹಿಡಿಯಲು ಅನುಮತಿ ಕೊಡುವಾಗ ಗಿಡಗಳ ರಸ ಕಲಸಿ ನೀರು ಕೆಡಿಸುವುದನ್ನು ನಿಷೇಧಿಸಿದ್ದ, ಭಾರತದಲ್ಲಿ 1897ರ ಮೀನುಗಾರಿಕೆ ಕಾಯ್ದೆ ವಿಷವನ್ನೂ ಸ್ಫೋಟಕವನ್ನೂ ಅಪರಾಧವೆಂದಿತು.

ಸೀಗಡಿಗೆ ನೋವಿದೆಯೇ ಎಂಬ ಪಾಶ್ಚಾತ್ಯ ವಾದ ಆರಂಭವಾಗುವ ಎಷ್ಟೋ ಮೊದಲೇ, ಭಾರತದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಮನುಷ್ಯನನ್ನು ಬಿಟ್ಟು ಉಳಿದ ಎಲ್ಲ ಜೀವಿಗಳನ್ನೂ ಪ್ರಾಣಿ ಎಂಬ ಪದದ ವ್ಯಾಖ್ಯೆಯೊಳಗೆ ತಂದಿತ್ತು. ಆಹಾರಕ್ಕಾಗಿ ಕೊಲ್ಲುವುದಕ್ಕೆ ಆ ಕಾಯ್ದೆ ವಿನಾಯಿತಿ ಕೊಡುತ್ತದೆ. ಅನಗತ್ಯವಾದ ನೋವು ಜೊತೆಗಿದ್ದರೆ ಆ ವಿನಾಯಿತಿ ಸಿಗುವುದಿಲ್ಲ.